ತೇಕು

ಕಾಕ್ಸ್ ಟೌನ್, ಮೂರನೇ ಮಹಡಿ, ಲಿಫ್ಟ್ ಇಲ್ಲ.
ಬಾಗಿಲ ಚೌಕಟ್ಟಿಗೆ ಓರೆಯಾಗಿ ಹೊಡೆದ ಹಿತ್ತಾಳೆಯ ಪುಟ್ಟ ಕೊಳವೆ.
ಮೊದಲ ಸಲ, ಬೆಳಗಿನ ಆರಕ್ಕೆ,
ಕಾಲಿಂಗ್ ಬೆಲ್ಲೆಂದು ಅದನ್ನೇ ಒತ್ತುತ್ತ ನಿಂತಿದ್ದೆ.
ಒಳಗೆ ಚರ್ಮದ ಚೂರಿನ ಮೇಲೆ ದೇವರ ಮಾತು ಬರೆದಿದೆಯಂತೆ.

ಇವತ್ತು ಬಂದದ್ದು ಸಿಲಿಂಡರ್ ಒಯ್ಯಲು,
ಡಿಪಾಜಿಟ್ಟು ಐದು ಸಾವಿರ ಎಣಿಸಿ ಕೊಡಲು.
ಸಿಪೋರಾಬಾಯಿ ನೆಲದ ಮೇಲೆ ಕೂತು ಕಾಯಿ ತುರಿಯುತ್ತಿದ್ದರು.
ತಟ್ಟೆಯಲ್ಲಿ ತೊಳೆದ ಅವಲಕ್ಕಿ, ಬೆಲ್ಲ, ಏಲಕ್ಕಿ,
ಸುತ್ತ ಬಾಳೆ, ಸೇಬು, ಖರ್ಜೂರ.
ನಮ್ಮಮ್ಮ ಅಷ್ಟಮಿಗೆ ಮಾಡುವಂಥದ್ದೇ.
"ಕೃಷ್ಣನಿಗಾ?" ಎಂದೆ.
"ಎಲಿಯಾಹುವಿಗೆ."

"ನಿಸ್ಸೀಮ್ ಎದ್ದು ಕೂತರೆ ಮಲಿದಾ ಇಡ್ತೀನಿ ಅಂತ ಹರಕೆ ಹೊತ್ತಿದ್ದೆ.
ಏಳಲಿಲ್ಲ."
"ಮತ್ತೆ ಇದು?"
"ನಾನು ಮಾತು ತಪ್ಪೋಳಲ್ಲ.
ತಪ್ಪಿದ್ದು ಯಾರು ಅಂತ ಮೇಲಿನವನಿಗೂ ಗೊತ್ತಾಗಲಿ."

ಮೈಸೂರು ರಸ್ತೆಯ ಅವರ ಗೋರಿಗಳ ನಡುವೆ
ಪ್ರಾರ್ಥನೆಗೆ ಹತ್ತು ಗಂಡಸರು ಬೇಕಿತ್ತು. ಸೇರಿದ್ದು ನಾಲ್ವರು.
ಗೇಟು ಕಾಯುವವನು, ಆಂಬುಲೆನ್ಸ್ ಡ್ರೈವರು, ದೂರದಲ್ಲಿ ನಾನು,
ನಾವು ಲೆಕ್ಕಕ್ಕೆ ಬರುವುದಿಲ್ಲ.
ಆ ಪ್ರಾರ್ಥನೆಯಲ್ಲಿ ಸಾವಿನ ಹೆಸರೇ ಇಲ್ಲವಂತೆ,
ಉದ್ದಕ್ಕೂ ಬರೀ ಹೊಗಳಿಕೆ.
"ಹೇಳೋಕಾಗದ್ದು ಒಳ್ಳೇದೇ ಆಯ್ತು ಬಿಡಪ್ಪ,
ಅವತ್ತು ನನ್ನ ಬಾಯಿಗೆ ಹೊಗಳಿಕೆ ಬರ್ತಿರಲಿಲ್ಲ."

ಉತ್ತರ ಸಿಕ್ಕಿತಾ ಅಮ್ಮ, ಎಂದೆ. ಕೇಳಬಾರದಿತ್ತು.
"ತೇಕು" ಎಂದರು.

ನನಗೆ ಕೇಳಿಸಿದ್ದು ಆ ರಾತ್ರಿ ಫೋನಿನಲ್ಲಿ
ಇವರ ದನಿಯ ಹಿಂದೆ, ಗೋಡೆಗೊರಗಿ,
ಮೂವತ್ತನಾಲ್ಕರ ಮಗ ತೇಕುತ್ತಿದ್ದದ್ದು.
ನನ್ನ ಮುಖ ನೋಡಿ ಅವರೇ ಬಿಡಿಸಿದರು:
"ಅದು ಕನ್ನಡದ ತೇಕಲ್ಲ.
ಹಿಂದಿನ ಗುರುಗಳು ಹಗಲಿಡೀ ವಾದಿಸಿ, ಯಾರೂ ಸೋಲದೆ,
ದೀಪದ ಎಣ್ಣೆ ತೀರಿದಾಗ ಹೇಳಿ ಏಳುತ್ತಿದ್ದ ಮಾತು:
ನಿಲ್ಲಲಿ. ಇದು ಹೀಗೇ ನಿಲ್ಲಲಿ.
ಎಲಿಯಾಹು ಬಂದಾಗ ಬಿಡಿಸುತ್ತಾನೆ."

ಅಲ್ಲಿಯತನಕ?
ಅವರು ಅವಲಕ್ಕಿ ಕಲಸುತ್ತಿದ್ದರು.

ನಾನು ಹೇಳಲಿಲ್ಲ.
ಆ ರಾತ್ರಿ ಗಾಡಿಯಲ್ಲಿದ್ದದ್ದು ಒಂದೇ ಸಿಲಿಂಡರು, ಬಂದ ಫೋನು ಎರಡು.
ಲಿಂಗರಾಜಪುರದ ಫ್ಲೈಓವರಿನ ಕೆಳಗೆ ಇಂಜಿನ್ ಆರಿಸದೆ ನಿಂತಿದ್ದೆ.
ಎಡಕ್ಕೆ ಯಾರದೋ ಹೆಣ್ಣುಮಗು, ಬಲಕ್ಕೆ ಈ ಮನೆ.
ಎಡಕ್ಕೆ ತಿರುಗಿದೆ.
ಇನ್ನೊಂದು ತುಂಬಿಸಿಕೊಂಡು ಇಲ್ಲಿಗೆ ಬಂದಾಗ
ಹಾಲಿನವನು ಬಂದು ಹೋಗಿದ್ದ.
ಆ ಮಗುವೂ ಉಳಿಯಲಿಲ್ಲ.

ಮೂಲೆಯ ಸಿಲಿಂಡರು ಖಾಲಿಯಲ್ಲ.
ಮುಳ್ಳು ಮುಕ್ಕಾಲಿನಲ್ಲೇ ನಿಂತಿದೆ.
ಅವರೂ ನೋಡಿರಬೇಕು, ದಿನಾ ಒರೆಸಿದ ಗಾಜು ಅದು.

ಬೊಗಸೆಗೆ ಹಾಕಿದರು. ತಿಂದೆ. ಬೆಲ್ಲ ತುಸು ಜಾಸ್ತಿ.
ಕಿಟಕಿಯ ಪಕ್ಕದ ಕುರ್ಚಿಯ ಮುಂದೆ ಇನ್ನೊಂದು ತಟ್ಟೆ,
ಯಾರೂ ಮುಟ್ಟದ್ದು.
ಬಾಗಿಲಲ್ಲಿ ಅವರು ಆ ಕೊಳವೆ ಮುಟ್ಟಿ
ಬೆರಳಿಗೆ ಮುತ್ತಿಟ್ಟುಕೊಂಡರು.
"ನಿಧಾನ, ಕೆಳಗಿನ ಮೆಟ್ಟಿಲು ಒಡೆದಿದೆ."

ಹೆಗಲ ಮೇಲೆ ಮುಕ್ಕಾಲು ಉಳಿದ ಗಾಳಿ ಹೊತ್ತು
ಮೂರು ಮಹಡಿ ಇಳಿದೆ,
ತೇಕುತ್ತ.