ಫ್ಲೆಕ್ಸ್ ಗುಡಾರ

ಮಲ್ಪೆಯ ಮರಳಲ್ಲಿ ಒಂದು ರಾತ್ರಿ ಗುಡಾರಕ್ಕೆ
ತಲೆಗೆ ಒಂದೂವರೆ ಸಾವಿರವಂತೆ.
ನಮ್ಮವು ಐದು ತಲೆ, ಅತ್ತೆಯ ಬಿಳಿತಲೆ ಸೇರಿ.
ಅಷ್ಟರಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದು
ನನ್ನ ಮಾನ ಉಳಿಯಿತು.
"ದಾರಿ ಬಂದ್ ಆಗಿದೆ ಮಗಳೇ" ಅಂದೆ
ಗುಡ್ಡಕ್ಕೆ ಒಳಗೊಳಗೇ ಕೈಮುಗಿದು.

ಕಡೂರಿನಿಂದ ಅಯ್ಯನಕೆರೆಗೆ
ಓಂಕಾರಣ್ಣನ ಲಗೇಜ್ ಆಟೊ.
ಹಿಂದೆ ಚಾಪೆ, ಸ್ಟೌ, ರವೆ, ಮಂಡಕ್ಕಿ ಮೂಟೆ,
ನಾಲ್ಕು ಬಿದಿರ ಗಳು,
ಮತ್ತೆ ನಮ್ಮ ಅಂಗಡಿಯಲ್ಲೇ ಅಚ್ಚಾಗಿ
ಹೆಸರಲ್ಲಿ ಒತ್ತಕ್ಷರ ತಪ್ಪಿ ವಾಪಸು ಬಂದ
ಹನ್ನೆರಡಡಿ ಫ್ಲೆಕ್ಸು:
ಮುಖಂಡರೊಬ್ಬರ ಹುಟ್ಟುಹಬ್ಬ.

ಗುಡಾರ ನಿಂತಿತು, ಕೊಂಚ ಎಡಕ್ಕೆ ವಾಲಿ.
ಹೊರಗೆ ಬಿಳಿ, ಒಳಗೆ ಮುಖಂಡರು.
ಅಂಗಾತ ಮಲಗಿದರೆ ಮೇಲಿಂದ ನಗುತ್ತಾರೆ,
ಸುತ್ತ ಶುಭ ಕೋರುವ ಹದಿನೇಳು ಮಂದಿ
ಅಂಚೆಚೀಟಿಯಷ್ಟಷ್ಟೇ.
"ಇಷ್ಟು ಗಂಡಸರ ಎದುರು ಸೀರೆ ಬದಲಾಯಿಸೋದು ಹೆಂಗೆ?"
ಎಂದಳು ನೇತ್ರಾವತಿ.
ಆ ಹೆಸರಿನ ಹೊಳೆ ದಿನವೂ ಕಡಲು ಸೇರುತ್ತದೆ;
ಇವಳು ಕಡೂರು ಸೇರಿದಳು.

ಕೆರೆ ಅಂದರೆ ಕೆರೆಯೇ. ಆದರೂ ನಾಲ್ಕರ ಹೊತ್ತಿಗೆ
ಶಕುನಗಿರಿಯ ಕಡೆಯಿಂದ ಗಾಳಿ ಎದ್ದು
ನೀರು ಮಡಿಕೆ ಮಡಿಕೆಯಾಗಿ ಬಂದು
ಏರಿಯ ಕಲ್ಲಿಗೆ ಬಡಿಯತೊಡಗಿದಾಗ
ಚಿಕ್ಕವನು ಚಡ್ಡಿ ಬಿಚ್ಚಿ ಎಸೆದು ಕಿರುಚಿದ:
ಅಲೆ!

ಹಂಸಿಕಾ ಬೊಗಸೆ ಬಾಯಿಗಿಟ್ಟು ಉಗಿದಳು.
"ಉಪ್ಪೇ ಇಲ್ಲ. ಸುಳ್ಳು ಸಮುದ್ರ."

ನಾನು ಉತ್ತರ ಹುಡುಕುತ್ತಿದ್ದೆ.
ಸೌತೆಕಾಯಿ ಹೆಚ್ಚುತ್ತಿದ್ದ ಅತ್ತೆ ಎದ್ದರು.
ಮೊಣಕಾಲು ಹಿಡಿದು, ಕಲ್ಲಿಂದ ಕಲ್ಲಿಗೆ ಕುಂತು ಕುಂತು ಇಳಿದು,
ಉಪ್ಪಿನ ಪೊಟ್ಟಣ ಬಿಚ್ಚಿ,
ಸಾರಿಗೆ ಹಾಕುವ ಲೆಕ್ಕದಲ್ಲೇ ನೀರಿಗೆ ಹಾಕಿ,
ಬೆರಳಾಡಿಸಿ,
"ಈಗ ನೋಡು. ಸಾಲದಿದ್ರೆ ಹೇಳು" ಅಂದರು.

ನೆಕ್ಕಿದಳು. ಯೋಚಿಸಿದಳು.
"ಇನ್ನೊಂಚೂರು."

ರಾತ್ರಿ ಗಾಳಿಗೆ ಸ್ಟೌ ನಿಲ್ಲಲಿಲ್ಲ. ಮಂಡಕ್ಕಿಯೇ ಊಟ.
ಕಾವಲಿನವನು ಬಂದ: "ಇಲ್ಲಿ ಮಲಗೋ ಹಂಗಿಲ್ಲ."
ಗುಡಾರದೊಳಕ್ಕೆ ಟಾರ್ಚ್ ಬಿಟ್ಟ.
ಮುಖಂಡರು ನಕ್ಕರು.
"ಓ, ಸಾಹೇಬ್ರ ಕಡೆಯೋರಾ" ಎಂದವನೇ
ಬಂದ ದಾರಿ ಹಿಡಿದ.
ಒತ್ತಕ್ಷರ ಅವನಿಗೆ ಕಾಣಲಿಲ್ಲ.

ಎಲ್ಲರೂ ಮಲಗಿದ ಮೇಲೆ
ಕತ್ತಲಲ್ಲಿ ನೇತ್ರಾವತಿ ಕೇಳಿದಳು:
"ಸಮುದ್ರದ ಸದ್ದು ಹಿಂಗೇ ಇರುತ್ತಾ?"
"ಹೂಂ, ಹಿಂಗೇ."
ನಾನಾದರೂ ಎಲ್ಲಿ ಕಂಡವನು?
ಊರವರ ಮದುವೆ ಬ್ಯಾನರುಗಳಲ್ಲಿ
ಗಂಡುಹೆಣ್ಣಿನ ಬೆನ್ನ ಹಿಂದೆ
ಅಡಿಗಟ್ಟಲೆ ನೀಲಿ ತುಂಬಿದವನು, ಅಷ್ಟೆ.
ಅವಳು ಇನ್ನೇನೂ ಕೇಳಲಿಲ್ಲ.
ಕೆರೆ ತನ್ನ ಪಾಡಿಗೆ ಬಡಿಯುತ್ತಿತ್ತು.

ಬೆಳಗ್ಗೆ ಗಾಳಿ ಬಿದ್ದು ಸ್ಟೌ ಹತ್ತಿತು.
ಉಪ್ಪಿಟ್ಟಿಗೆ ಉಪ್ಪಿರಲಿಲ್ಲ.
ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡೆವು.