ಮೇಲೆ, ಕೆಳಗೆ

ನಗರಸಭೆಯವರು ನನಗೆ ಕೊಟ್ಟಿದ್ದು
ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ರಟ್ಟು, ಎರಡು ಕಾಲಮ್ಮಿನ ಹಾಳೆ:
ಮೇಲೆ. ಕೆಳಗೆ.
ಬಿ.ಎಂ. ರಸ್ತೆಯ ಈ ಕಬ್ಬಿಣದ ಸೇತುವೆ ಹತ್ತಿದವರಿಗೊಂದು ಗೀಟು,
ಹತ್ತದೆ ರಸ್ತೆಗಿಳಿದವರಿಗೊಂದು.
ದಿನಕ್ಕೆ ನಾನೂರು. ಮೂರು ದಿನ.

ಮೊದಲ ದಿನ ಊಟದ ಹೊತ್ತಿಗೆ
‘ಕೆಳಗೆ’ ತುಂಬಿ ಹಾಳೆಯ ಬೆನ್ನಿಗೆ ಹರಿಯಿತು.
‘ಮೇಲೆ’ ಹನ್ನೊಂದು.
ಅದರಲ್ಲಿ ನಾಲ್ಕು ಒಬ್ಬನೇ ಹುಡುಗ,
ಅವನ ಗಾಳಿಪಟ ಕಂಬಿಗೆ ಸಿಕ್ಕಿತ್ತು.

ನಿಂಗಾಜಮ್ಮ ದುದ್ದದವಳು.
ತಲೆ ಮೇಲೆ ಅರ್ಧ ಮೂಟೆ ಆಲೂಗಡ್ಡೆ.
ಯಾಕಮ್ಮ ಹತ್ತಲ್ಲ, ಅಂದೆ.
“ಐವತ್ತೆರಡು ಮೆಟ್ಲು ಕಣಪ್ಪ, ಇಳಿಯಕ್ಕೆ ಇನ್ನೈವತ್ತೆರಡು.
ಲಾರಿಯವ್ನಿಗೆ ಕಣ್ಣೈತೆ, ಬ್ರೇಕೈತೆ.
ಮೆಟ್ಲಿಗೇನೈತೆ?”

ನರ್ಸಿಂಗ್ ಹುಡುಗಿಯರು ಏನೂ ಹೇಳಲಿಲ್ಲ.
ಒಬ್ಬಳು ಕತ್ತೆತ್ತಿ ತೋರಿಸಿದಳು:
ಎರಡೂ ಬದಿಗೆ ಚಿನ್ನದಂಗಡಿಯ ಬ್ಯಾನರು,
ನಗುವ ಮದುಮಗಳು, ಮೂವತ್ತಡಿ.
ಅವಳ ಬೆನ್ನ ಹಿಂದೆ ಬಲ್ಬು ಹೋಗಿ ಎಷ್ಟು ತಿಂಗಳಾಯಿತೋ,
ಅಲ್ಲಿ ಯಾರು ನಿಂತಿರುತ್ತಾರೋ,
ಕೂಗಿದರೆ ರಸ್ತೆಗೆ ಕಾಣುವುದು ಆ ನಗುವೇ.

ಡಿವೈಡರಿನ ಒಂದು ಕಂಬಿ
ಒಂದಾಳು ತೂರುವಷ್ಟು ಬಗ್ಗಿದೆ.
ವೆಲ್ಡಿಂಗ್ ಮಾಡಿ ಹೋದ ಮರುದಿನವೇ ಮತ್ತೆ ಬಗ್ಗುತ್ತದಂತೆ.
ಸೊಂಟ ತಾಗಿ ತಾಗಿ ಬಣ್ಣ ಹೋಗಿ
ಗರ್ಭಗುಡಿಯ ಹೊಸ್ತಿಲಿನ ಹಾಗೆ ನುಣುಪು.
ಅದರಾಚೆ ಅವರು ಒಂದು ಕೈ ಎತ್ತುತ್ತಾರೆ,
ನಿಲ್ಲಿಸು ಅಂತಲ್ಲ,
ಮೇಷ್ಟ್ರು ಹಾಜರಿ ಕೂಗಿದಾಗ ಎತ್ತುವಂತೆ.

ನನ್ನ ಟೀ ಅಂಗಡಿಯೂ ಎದುರಿಗೇ.
ದಿನಕ್ಕೆ ಮೂರು ಟೀ, ಹೋಗಿಬರೋದು ಸೇರಿ ಮೂರು ದಿನಕ್ಕೆ ಹದಿನೆಂಟು.
ಆ ಗೀಟು ಹಾಕಿಲ್ಲ.

ಕೊನೆಯ ಸಂಜೆ ಶಾಂತವೀರಪ್ಪ ಬಂದರು,
ಕೆಂಪು ಬಸ್ಸಿನ ಡ್ರೈವರಾಗಿದ್ದವರು.
ಕಂಬಿ ಹಿಡಿದು ಉಸಿರು ಬಿಡುತ್ತ ಹತ್ತಿದರು,
ಬ್ಯಾನರು ಹರಿದ ಕಡೆ ಕಿಂಡಿಗೆ ಮುಖವಿಟ್ಟು
ಸುಮಾರು ಹೊತ್ತು ನಿಂತರು,
ಹತ್ತಿದ ಕಡೆಯಿಂದಲೇ ಇಳಿದರು.

ಆ ಕಡೆಗೆ ಹೋಗಲಿಲ್ವಾ ಸಾರ್?
“ಆ ಕಡೆ ನಂಗೇನು ಕೆಲ್ಸ?
ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡ್ಕೊಂಡು ಇವ್ರನ್ನ ಬೈದೆ,
ಸಾಯೋಕೇ ಬರ್ತೀರಾ ಅಂತ.
ಮೇಲಿಂದ ನೋಡಿ ಒಂದ್ಸಲ.
ಎಷ್ಟು ಲೆಕ್ಕವಾಗಿ ದಾಟ್ತಾರೆ, ಬಡ್ಡೀಮಕ್ಳು.”

ಹತ್ತಿದ್ದಾರೆ, ದಾಟಿಲ್ಲ.
ಪೆನ್ನಿನ ತುದಿ ಕಚ್ಚಿಕೊಂಡು ಕೂತಿದ್ದು,
ಎರಡು ಕಾಲಮ್ಮಿನ ನಡುವಿನ ಗೆರೆಯ ಮೇಲೇ
ಒಂದು ಗೀಟು ಎಳೆದೆ.
ಗೆರೆ ಕೊಂಚ ದಪ್ಪಗಾಯಿತು, ಅಷ್ಟೆ.