ಉಭಯ ಕುಶಲೋಪರಿ

ನನ್ನ ಎಡಗೆನ್ನೆ ನನಗಿಂತ ಹತ್ತು ವರ್ಷ ದೊಡ್ಡದು.
ಮುಲುಂಡಿನ ಈ ಹೋಟೆಲಿನಲ್ಲಿ ಕಾವಲಿ ಇರುವುದು ಎಡಕ್ಕೆ,
ಗಿರಾಕಿಗಳು ಬಲಕ್ಕೆ.
ಮೂವತ್ನಾಲ್ಕು ವರ್ಷ ಒಂದು ಕೆನ್ನೆ ಬೆಂದಿದೆ,
ಇನ್ನೊಂದು ನಕ್ಕಿದೆ.

ಪಾರ್ಸೆಲ್ಲಿಗೆ ಕಾಯುತ್ತ ನಿಂತಾಗ ಇದನ್ನು ಕಂಡುಹಿಡಿದವಳು
ಡಾಕ್ಟರ್ ಮೃಣ್ಮಯಿ ಕಾರ್ಖಾನೀಸ್.
ಶಾಲೆಯ ಯೂನಿಫಾರ್ಮಿನಲ್ಲಿ ಬಂದು
ಕೆಂಪು ಚಟ್ನಿ ಸವರಬೇಡಿ ಅನ್ನುತ್ತಿದ್ದ ಹುಡುಗಿ.
ಈಗ ಎದುರಿನ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ
ಅವಳದೇ ಚರ್ಮದ ದವಾಖಾನೆ.
"ಭೋಜಣ್ಣಾ, ಒಂದು ಪೈಸೆ ಬೇಡ, ಫೋಟೊ ಕೊಟ್ಟರೆ ಸಾಕು.
ಮೊದಲಿನದೊಂದು, ಆಮೇಲಿನದೊಂದು."

ಫ್ರಿಜ್ಜಿನಿಂದ ಬಂತು ಕಿರುಬೆರಳಿನಷ್ಟು ಸೀಸೆ.
ಎಕ್ಸೋಸೋಮ್ ಅಂದಳು. ಆ ಹೆಸರನ್ನು ಎರಡು ಸಲ ಅಗಿದೆ.
ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ ಲಕೋಟೆಯಂತೆ.
ಎಳೆಯವು ಬರೆದದ್ದನ್ನು ಓದಿ
ಮುದಿಯವು ಮೈಕೊಡವಿ ಏಳುತ್ತವಂತೆ.
"ಏಳಬಹುದು" ಎಂದು ಆಮೇಲೆ ತಿದ್ದಿದಳು, ಪ್ರಾಮಾಣಿಕ ಹುಡುಗಿ.
"ಇನ್ನೂ ಹೊಸದು, ನಮಗೆ ಗೊತ್ತಿಲ್ಲದ್ದೇ ಹೆಚ್ಚು."

ಸೂಜಿಗಳ ಪೆನ್ನು ಕೆನ್ನೆಯ ಮೇಲೆ ಗುಂಯ್‌ಗುಟ್ಟುವಾಗ
ನೆನಪಾದದ್ದು ನೀಲಿ ಇನ್‌ಲ್ಯಾಂಡು.
ಹೋಟೆಲಿನ ಅಟ್ಟದಲ್ಲಿ ಹನ್ನೊಂದು ಹುಡುಗರು,
ಅಕ್ಷರ ಬರುವವನು ನಾನೊಬ್ಬ.
ಶಟರು ಎಳೆದ ಮೇಲೆ ಹಿಟ್ಟಿನ ಡಬ್ಬಿ ಬೋರಲು ಹಾಕಿ
ಅದರ ಮೇಲೆ ಬರೆಯುತ್ತಿದ್ದೆ:
ಉಭಯ ಕುಶಲೋಪರಿ ಸಾಂಪ್ರತ. ನಾನಿಲ್ಲಿ ಕ್ಷೇಮ.
ಐತಪ್ಪನ ಮುಂಗೈಗೆ ಎಣ್ಣೆ ಬಿದ್ದು ಗುಳ್ಳೆ ಎದ್ದಿತ್ತು;
ಕ್ಷೇಮ ಅಂತಲೇ ಬರೆದೆ.
ಲೋಕುವಿಗೆ ಟೈಫಾಯ್ಡು. ಕ್ಷೇಮ.
ಹನ್ನೆರಡು ತುಂಬದ ಸಣ್ಣವನೊಬ್ಬ ರಾತ್ರಿಯಿಡೀ ಅತ್ತ,
ಅವನ ಕಾಗದಕ್ಕೆ "ಇಲ್ಲಿ ಊಟ ಚೆನ್ನಾಗಿದೆ"
ಅಂತ ಒಂದು ಸಾಲು ಹೆಚ್ಚು.
ಅದನ್ನು ನಂಬಿ ಅವನ ತಾಯಿ
ಮೈಕೈ ತುಂಬಿಕೊಂಡಿದ್ದಾಳೆ ಎಂದು
ಮರುಟಪಾಲಿನಲ್ಲಿ ಯಾರದೋ ಅಕ್ಷರ.

ಐದು ದಿನ ಬೆಂಕಿಯ ಹತ್ತಿರ ಹೋಗಬಾರದು.
ಹೋಗಲಿಲ್ಲ. ಗಿರಾಕಿಯ ಹಾಗೆ
ಫ್ಯಾನಿನ ಕೆಳಗಿನ ಟೇಬಲಿನಲ್ಲಿ ಕೂತೆ.
ಕಾವಲಿಗೆ ನಿಂತ ರಾಮ್‌ಪ್ರೀತ್ ನನ್ನ ದೋಸೆಯ ಅಂಚು ಸೀಯಿಸಿದ.
ನಾನು ಬಾಯಿ ಬಿಡಲಿಲ್ಲ.
ಹೆಗಲಿಗೂ ಕಿವಿಗೂ ನಡುವೆ ಫೋನು ಒತ್ತಿಕೊಂಡು
ದರ್ಭಂಗಾಕ್ಕೆ ಹೇಳುತ್ತಿದ್ದ: "ಸಬ್ ಠೀಕ್, ಮಾಯಿ."
ಮಣಿಕಟ್ಟಿಗೆ ಟೂತ್‌ಪೇಸ್ಟು ಬಳಿದಿತ್ತು.

ಆಮೇಲಿನ ಫೋಟೊ ಈಗ ಅಲ್ಲಿ ಲಿಫ್ಟಿನ ಪಕ್ಕ ತೂಗುತ್ತಿದೆ.
ಕಣ್ಣಿಗೆ ಕಪ್ಪು ಪಟ್ಟಿ, ಕೆಳಗೆ ಹೆಸರಿಲ್ಲ.
ಕೆನ್ನೆ ಸ್ವಲ್ಪ ತಿಳಿಯಾಗಿದೆ, ಅಥವಾ
ಲೈಟು ಬೇರೆ ಹಾಕಿದ್ದಾರೆ.
ಮನೆಯಲ್ಲಿ ಜಲಜ ನನ್ನ ಗದ್ದ ಹಿಡಿದು
ಕಿಟಕಿಯತ್ತ ತಿರುಗಿಸಿ, ಮತ್ತೆ ಇತ್ತ ತಿರುಗಿಸಿ,
"ಮಾಡಿದ್ದು ಯಾವ ಕಡೆಗೆ?" ಅಂದಳು.

ಇವತ್ತು ಬೆಳಿಗ್ಗೆ ಐದೂವರೆ.
ಕಾದ ಕಾವಲಿಗೆ ನೀರು ಚಿಮುಕಿಸಿದೆ.
ಚುಂಯ್.
ಹಬೆ ನೆಟ್ಟಗೆ ಎಡಗೆನ್ನೆಗೇ ಬಂತು,
ವಿಳಾಸ ಗೊತ್ತಿದ್ದ ಹಾಗೆ.